ಸರ್ಟಿಫಿಕೇಟ್ ಇದೆ, ಎಕ್ಸೆಲ್ ಟೆಸ್ಟ್‌ನಲ್ಲಿ ಕೈ ನಡುಗಿತು: ಆಫೀಸ್ ಕೆಲಸಕ್ಕೆ ಎಷ್ಟು ಕಂಪ್ಯೂಟರ್ ಗೊತ್ತಿರಬೇಕು?

ಪ್ರಶ್ನೆ: ನಾನು ಬಿ.ಎ. ಓದಿದ್ದೇನೆ, ಪೂರ್ತಿ ಕನ್ನಡ ಮಾಧ್ಯಮ. ಮದುವೆಯಾಗಿ ಬೆಂಗಳೂರಿಗೆ ಬಂದು ಮೂರು ವರ್ಷ ಆಯಿತು, ಲಗ್ಗೆರೆಯಲ್ಲಿದ್ದೇವೆ. ಹತ್ತಿರದ ಒಂದು ಸೆಂಟರಿನಲ್ಲಿ ಮೂರು ತಿಂಗಳು ಬೇಸಿಕ್ ಕಂಪ್ಯೂಟರ್ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡೆ. ಹೋದ ತಿಂಗಳು ಪೀಣ್ಯದ ಒಂದು ಆಫೀಸಿನಲ್ಲಿ ಇಂಟರ್ವ್ಯೂ ಇತ್ತು. ಸುಮಾರು 180 ಸಾಲಿನ ಎಕ್ಸೆಲ್ ಶೀಟನ್ನು ಮೇಲ್‌ನಲ್ಲಿ ಕಳಿಸಿ, ‘ತುಮಕೂರಿನ ಗ್ರಾಹಕರಿಂದ ಎಷ್ಟು ಬಾಕಿ ಬರಬೇಕು ಅಂತ ತೆಗೆದು ವಾಪಸ್ ಮೇಲ್ ಮಾಡಿ’ ಅಂದರು. ಮೊತ್ತ ಹೇಗೋ ತೆಗೆದೆ, ಸೇವ್ ಕೂಡ ಮಾಡಿದೆ. ಮೇಲ್‌ಗೆ ಹಾಕಲು ಹೋದರೆ ಫೈಲ್ ಎಲ್ಲಿದೆ ಅಂತಲೇ ಸಿಗಲಿಲ್ಲ. ‘ಫೋನ್ ಮಾಡ್ತೀವಿ’ ಅಂದರು, ಮಾಡಲಿಲ್ಲ. ಈಗ ಇನ್ನೊಂದು ಸೆಂಟರಿನವರು ಅಡ್ವಾನ್ಸ್ಡ್ ಎಕ್ಸೆಲ್ ಮತ್ತು ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) 18,000 ರೂಪಾಯಿ ಕೇಳುತ್ತಿದ್ದಾರೆ. ಸೇರಲಾ? ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ. ಇಂಗ್ಲಿಷ್ ಅಷ್ಟಕ್ಕಷ್ಟೇ.

ಉತ್ತರ: 18,000 ಕಟ್ಟಬೇಡಿ. ಈಗಂತೂ ಬೇಡ.

ಬೆಂಗಳೂರಿನ ಸಣ್ಣ ಕಾರ್ಖಾನೆ, ಟ್ರೇಡಿಂಗ್ ಆಫೀಸುಗಳಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದು, ಆಮೇಲೆ ಅದೇ ಕೆಲಸಕ್ಕೆ ಜನರನ್ನು ಆರಿಸುವ ಕಡೆ ಕೂತವನು ನಾನು. ನಿಮಗೆ ಕೊಟ್ಟಂಥ ಟೆಸ್ಟನ್ನು ನಾನೂ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಅಡ್ವಾನ್ಸ್ಡ್ ಎಕ್ಸೆಲ್ ಬರಲಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಿದ ನೆನಪಿಲ್ಲ. ಫೈಲ್ ಸಿಗದೆ ಒದ್ದಾಡಿದವರನ್ನು ಕಳಿಸಿದ್ದೇನೆ. ಆ ಕುರ್ಚಿಯಲ್ಲಿ ಕೂರುವವರಿಗೆ ದಿನಕ್ಕೆ ಮೂವತ್ತು ಫೈಲ್ ಬರುತ್ತವೆ. ಅದರಲ್ಲಿ ಒಂದು ಕಳೆದುಹೋದರೂ ಇಡೀ ಆಫೀಸು ಹುಡುಕಬೇಕಾಗುತ್ತದೆ.

ನಿಮ್ಮ ಫೈಲ್ ಎಲ್ಲಿಗೆ ಹೋಗಿರಬಹುದು ಅಂತ ಮೊದಲು ಹೇಳಿಬಿಡುತ್ತೇನೆ. ಔಟ್‌ಲುಕ್‌ನಂಥ ಪ್ರೋಗ್ರಾಮಿನಲ್ಲಿ ಮೇಲ್‌ನಲ್ಲಿರುವ ಅಟ್ಯಾಚ್‌ಮೆಂಟ್ ಮೇಲೆ ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ, ಕಂಪ್ಯೂಟರ್ ಅದರ ಒಂದು ನಕಲನ್ನು ತಾತ್ಕಾಲಿಕ ಫೋಲ್ಡರಿನಲ್ಲಿಟ್ಟು ತೆರೆಯುತ್ತದೆ. ಆ ಫೋಲ್ಡರ್ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ನೀವು ಸೇವ್ ಒತ್ತಿದ್ದು ಅಲ್ಲೇ ಎಲ್ಲೋ ಸೇವ್ ಆಗಿರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಜಿಮೇಲ್ ಆಗಿದ್ದರೆ, ವಾಟ್ಸ್ಯಾಪ್ ವೆಬ್ ಆಗಿದ್ದರೆ, ಫೈಲ್ ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿದಿರುತ್ತದೆ. ಈ ಎರಡು ಜಾಗ ಗೊತ್ತಿದ್ದಿದ್ದರೆ ನಿಮಗೆ ಅವತ್ತು ಬೆವರುತ್ತಿರಲಿಲ್ಲ.

ಇದಕ್ಕೆ ಅಭ್ಯಾಸ ಒಂದೇ. ಫೈಲ್ ತೆರೆದ ತಕ್ಷಣ, ಒಂದಕ್ಷರ ಮುಟ್ಟುವ ಮೊದಲು, ಎಫ್12 ಒತ್ತಿ. ‘ಸೇವ್ ಆ್ಯಸ್’ ಬಾಕ್ಸ್ ಬರುತ್ತದೆ. ಎಲ್ಲಿ ಇಡಬೇಕು ಅಂತ ನೀವೇ ಆರಿಸಿ, ನಿಮ್ಮದೇ ಹೆಸರು ಕೊಡಿ, ಆಮೇಲೆ ಕೆಲಸ ಶುರು. ಮೂಲ ಫೈಲೂ ಹಾಗೇ ಉಳಿಯುತ್ತದೆ. ಹೆಸರು ಕೊಡುವಾಗ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತೆಲ್ಲ ಬೇಡ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕು ಮೊದಲು, ವಿಷಯ ಆಮೇಲೆ. ‘2025-08-14 ತುಮಕೂರು ಬಾಕಿ’ ಅನ್ನುವ ಹಾಗೆ. ಹೀಗೆ ಬರೆದರೆ ಫೋಲ್ಡರ್ ತೆರೆದಾಗ ಫೈಲುಗಳು ತಾರೀಕಿನ ಪ್ರಕಾರ ತಾವೇ ಸಾಲಾಗಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಜನವರಿ 14, ಫೆಬ್ರವರಿ 14, ಮಾರ್ಚ್ 14 ಎಲ್ಲ ಒಂದೇ ಗುಂಪಿಗೆ ಬಂದು ಕೂರುತ್ತವೆ.

ಇನ್ನು ನೀವು ‘ಹೇಗೋ ತೆಗೆದೆ’ ಅಂದ ಆ ಮೊತ್ತ. ಅದು ಸರಿ ಇತ್ತಾ? ನನಗೆ ಅನುಮಾನ, ಬೇಜಾರು ಮಾಡಿಕೊಳ್ಳಬೇಡಿ. ನಾವು ಇಂಥ ಟೆಸ್ಟ್ ಮಾಡುವಾಗ ಶೀಟಿನಲ್ಲಿ ಬೇಕಂತಲೇ ಕೊಳೆ ಬಿಟ್ಟಿರುತ್ತೇವೆ. 2014ರ ನವೆಂಬರ್ 1ರಂದು ಬೆಂಗಳೂರು, ತುಮಕೂರು ಸೇರಿ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಆಫೀಸಿನ ಹಳೆಯ ಲೆಕ್ಕದಲ್ಲಿ ‘ತುಮ್ಕೂರ್’ ಅಂತ ಹಳೆ ಸ್ಪೆಲ್ಲಿಂಗ್ ಇರುತ್ತದೆ, ಹೊಸದರಲ್ಲಿ ‘ತುಮಕೂರು’ ಅಂತ ಹೊಸದು. ನಮಗೆ ಎರಡೂ ಒಂದೇ ಊರು. ಎಕ್ಸೆಲ್‌ಗೆ ಎರಡು ಬೇರೆ ಬೇರೆ ಊರು. ಯಾರೋ ಊರಿನ ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಒತ್ತಿಬಿಟ್ಟಿದ್ದರೆ, ‘ಸಮ್‌ಇಫ್’ ಸೂತ್ರದ (ನಾವು ಹೇಳಿದ ಹೆಸರಿನ ಸಾಲುಗಳನ್ನಷ್ಟೇ ಕೂಡುವ ಸೂತ್ರ) ಲೆಕ್ಕದಲ್ಲಿ ಅದು ಮೂರನೇ ಊರು! ಒಂದನ್ನು ಮಾತ್ರ ಹಿಡಿದು ಮೊತ್ತ ತೆಗೆದರೆ ಬಾಕಿ ಕಡಿಮೆ ಬರುತ್ತದೆ.

ಹಾಗಾಗಿ ಫಿಲ್ಟರ್ ಹಾಕಿದ ಕೂಡಲೇ (ಕಂಟ್ರೋಲ್, ಶಿಫ್ಟ್, ಎಲ್ ಮೂರನ್ನೂ ಒಟ್ಟಿಗೆ ಒತ್ತಿ) ಊರಿನ ಕಾಲಮ್ಮಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಕಣ್ಣಾಡಿಸಿ ಓದಿ. ಒಂದೇ ಊರು ಎರಡು ವೇಷದಲ್ಲಿ ಇದೆಯಾ ನೋಡಿ. ಇದ್ದರೆ ಎರಡಕ್ಕೂ ಟಿಕ್ ಹಾಕಿ. ಹೆಸರಿನ ಹಿಂದೆ ಮುಂದೆ ಅಂಟಿಕೊಂಡ ಸ್ಪೇಸ್ ತೆಗೆಯುವುದಕ್ಕೆ ‘ಟ್ರಿಮ್’ ಅಂತ ಒಂದು ಸೂತ್ರವಿದೆ.

ಮೊತ್ತ ಹಾಕುವಾಗ ಇನ್ನೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಫಿಲ್ಟರ್ ಹಾಕಿದ ಮೇಲೆ ಕೈಯಾರೆ ‘ಸಮ್’ ಸೂತ್ರ ಬರೆದರೆ, ಕಣ್ಣಿಗೆ ಕಾಣದೆ ಅಡಗಿರುವ ಸಾಲುಗಳೂ ಅದರಲ್ಲಿ ಸೇರಿಬಿಡುತ್ತವೆ. ತುಮಕೂರಿನ ಬಾಕಿ ಅಂತ ನೀವು ಕೊಡುವುದು ಇಡೀ ಕರ್ನಾಟಕದ ಬಾಕಿ ಆಗಿರುತ್ತದೆ. ಅಲ್ಲಿ ಬಳಸಬೇಕಾದದ್ದು ‘ಸಬ್‌ಟೋಟಲ್’. ಅದು ಕಾಣುವ ಸಾಲುಗಳನ್ನು ಮಾತ್ರ ಕೂಡುತ್ತದೆ. ಉತ್ತರ ಸರಿಯಾ ಅಂತ ನೋಡಬೇಕಾದರೆ, ಆ ಕಾಲಮ್ಮಿನ ಅಂಕಿಗಳನ್ನು ಮೌಸ್‌ನಿಂದ ಸೆಲೆಕ್ಟ್ ಮಾಡಿ ಪರದೆಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಮೊತ್ತ ತಾನೇ ಬಂದಿರುತ್ತದೆ. ಎರಡೂ ಒಂದೇ ಆಗಿದ್ದರೆ ನೆಮ್ಮದಿ. ಮೊಬೈಲ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ಕೂಡುವವರನ್ನು ನಾನು ನೋಡಿದ್ದೇನೆ. ಉತ್ತರ ಸರಿ ಬಂದರೂ ಕೆಲಸ ಸಿಗುವುದಿಲ್ಲ.

ನಂಬರುಗಳ ವಿಷಯದಲ್ಲಿ ನಾನೇ ಒಂದು ಸಲ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ರಾಜಾಜಿನಗರ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತಿದ್ದ ಕಾಲ. ಚೆಕ್ ಬರೆಯುವುದು ಬಿಟ್ಟು ಮೊದಲ ಸಲ ಎಲ್ಲರ ಸಂಬಳವನ್ನೂ ಬ್ಯಾಂಕ್ ಖಾತೆಗೆ ಹಾಕುವುದು ಅಂತಾಯಿತು. ನಲವತ್ತು ಚಿಲ್ಲರೆ ಜನರ ಖಾತೆ ನಂಬರುಗಳನ್ನು ಪಾಸ್‌ಬುಕ್ ನೋಡಿ ನೋಡಿ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಕಳಿಸಿದೆ. ಹನ್ನೊಂದು ಜನರ ಹಣ ವಾಪಸ್ ಬಂತು. ಶೀಟ್ ತೆರೆದು ನೋಡಿದರೆ ಆ ಹನ್ನೊಂದೂ ಖಾತೆಯ ಕೊನೆಯ ಅಂಕಿ ಸೊನ್ನೆ. ನಾನು ಸೊನ್ನೆ ಒತ್ತಿರಲೇ ಇಲ್ಲ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಒಂದು ಸಂಖ್ಯೆಯಲ್ಲಿ ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16ನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. ಆ ಹನ್ನೊಂದು ಜನರದ್ದು 16 ಅಂಕಿಯ ಖಾತೆ. ಶನಿವಾರ ಸಂಜೆ ಸಂಬಳವಿಲ್ಲದೆ ಮನೆಗೆ ಹೋದವರ ಮುಖ ನನಗೆ ಇವತ್ತಿಗೂ ನೆನಪಿದೆ.

ಅದಕ್ಕೆ ಮದ್ದು ಚಿಕ್ಕದು. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಜಾಗದಲ್ಲಿ ‘ಟೆಕ್ಸ್ಟ್’ ಅಂತ ಆರಿಸಿ. ಖಾತೆ ನಂಬರು, ಆಧಾರ್, ಫೋನ್ ಇವುಗಳನ್ನು ಯಾರೂ ಕೂಡಿ ಕಳೆಯುವುದಿಲ್ಲ, ಅಲ್ವಾ? ಹಾಗಾದರೆ ಅವು ಎಕ್ಸೆಲ್ ಪಾಲಿಗೆ ಸಂಖ್ಯೆ ಆಗಬೇಕಿಲ್ಲ, ಬರಹವಾಗಿರಲಿ. ಇಲ್ಲದಿದ್ದರೆ 12 ಅಂಕಿಯ ಆಧಾರ್ ನಂಬರು ನಡುವೆ ಚುಕ್ಕೆ, ಒಂದು ಇಂಗ್ಲಿಷ್ ಅಕ್ಷರ, ಪ್ಲಸ್ ಚಿಹ್ನೆ ಎಲ್ಲ ಸೇರಿ ವಿಚಿತ್ರವಾಗಿ ಕಾಣುತ್ತದೆ. ಸೊನ್ನೆಯಿಂದ ಶುರುವಾಗುವ ನಂಬರಿನ ಮೊದಲ ಸೊನ್ನೆ ಮಾಯವಾಗುತ್ತದೆ.

ತಾರೀಕಿನದು ಇದಕ್ಕೆ ಉಲ್ಟಾ. ಅದು ನೋಡುವುದಕ್ಕೆ ಬರಹ, ಒಳಗೆ ಸಂಖ್ಯೆ. 1900ರ ಜನವರಿ 1ನ್ನು ಒಂದು ಅಂತ ಎಣಿಸಲು ಶುರು ಮಾಡುವ ಎಕ್ಸೆಲ್‌ಗೆ 2025ರ ಜನವರಿ 1 ಅಂದರೆ 45658. ಅದಕ್ಕೇ ಎರಡು ತಾರೀಕುಗಳನ್ನು ಕಳೆದರೆ ನಡುವೆ ಎಷ್ಟು ದಿನ ಅಂತ ಬರುತ್ತದೆ, ಬಾಕಿ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ಆದರೆ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/08/2025 ಮೇ 8 ಆಗಿಬಿಡುತ್ತದೆ, 13/08/2025 ತಾರೀಕೇ ಆಗುವುದಿಲ್ಲ. ಪತ್ತೆ ಹಚ್ಚುವುದು ಸುಲಭ. ನಿಜವಾದ ತಾರೀಕು ಸೆಲ್‌ನ ಬಲಕ್ಕೆ ಅಂಟಿಕೊಂಡಿರುತ್ತದೆ. ಬರಹವಾಗಿ ಹೋದದ್ದು ಎಡಕ್ಕೆ. ಒಂದೇ ಕಾಲಮ್ಮಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಏನೋ ಎಡವಟ್ಟಾಗಿದೆ ಅಂತ ಅರ್ಥ.

ಈ ಕಣ್ಣು ಬಂದರೆ ಎಕ್ಸೆಲ್‌ನಲ್ಲಿ ಅರ್ಧ ಗೆದ್ದ ಹಾಗೆ. ಉಳಿದದ್ದರಲ್ಲಿ ಸಾರ್ಟ್, ಫಿಲ್ಟರ್, ‘ಸಮ್‌ಇಫ್’, ಅದೇ ಥರ ಎಣಿಸುವ ‘ಕೌಂಟ್‌ಇಫ್’, ‘ವಿ-ಲುಕಪ್’, ಗುಂಪುವಾರು ಮೊತ್ತ ತೋರಿಸುವ ಪಿವಟ್ ಟೇಬಲ್ ಇಷ್ಟು ಸಾಕು. ವಿ-ಲುಕಪ್ ಅಂದರೆ ಹೆದರಬೇಡಿ. ಒಂದು ಪಟ್ಟಿಯಲ್ಲಿ ಹೆಸರು, ಇನ್ನೊಂದರಲ್ಲಿ ಫೋನ್ ನಂಬರ್, ಎರಡನ್ನೂ ಜೋಡಿಸುವ ಕೆಲಸ ಅಷ್ಟೇ. ಸೂತ್ರದ ಕೊನೆಯಲ್ಲಿ ‘ಫಾಲ್ಸ್’ ಹಾಕುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಯಾರದೋ ಹೆಸರಿಗೆ ಯಾರದೋ ನಂಬರು ಬಂದು ಕೂರುತ್ತದೆ. ಸಾರ್ಟ್ ಮಾಡುವಾಗ ಒಂದೇ ಕಾಲಮ್ಮನ್ನು ಸೆಲೆಕ್ಟ್ ಮಾಡಿದ್ದರೆ ಎಕ್ಸೆಲ್ ತಡೆದು ಒಂದು ಪ್ರಶ್ನೆ ಕೇಳುತ್ತದೆ. ಓದದೆ ಉತ್ತರ ಒತ್ತಬೇಡಿ. ಹೆಸರುಗಳು ಮಾತ್ರ ಮೇಲೆ ಕೆಳಗಾಗಿ, ಸಂಬಳದ ಅಂಕಿ ಇದ್ದಲ್ಲೇ ಉಳಿದರೆ ಆಫೀಸಿನಲ್ಲಿ ಜಗಳವೇ ಆದೀತು. ಮ್ಯಾಕ್ರೊ, ಡ್ಯಾಶ್‌ಬೋರ್ಡ್ ಅಂತ ಆ ಸೆಂಟರಿನ ಪಾಂಪ್ಲೆಟ್‌ನಲ್ಲಿ ಬರೆದಿರುವುದೆಲ್ಲ ನಿಮ್ಮ ಮೊದಲ ಕೆಲಸಕ್ಕೆ ಬೇಕಾಗುವುದಿಲ್ಲ.

ಸರಿ, ಕಂಪ್ಯೂಟರೇ ಇಲ್ಲದೆ ಕಲಿಯುವುದು ಎಲ್ಲಿ? ಬಜೆಟ್ ಇದ್ದರೆ, ಗೊತ್ತಿರುವವರೊಬ್ಬರನ್ನು ಕರೆದುಕೊಂಡು ಎಸ್.ಪಿ. ರೋಡಿಗೆ ಹೋಗಿ, ಒಂದು ಹಳೆ ಡೆಸ್ಕ್‌ಟಾಪ್ ನೋಡಿ. ಅಂಗಡಿಯಲ್ಲೇ ಆನ್ ಮಾಡಿಸಿ, ಹತ್ತು ನಿಮಿಷ ಟೈಪ್ ಮಾಡಿ ನೋಡಿ, ಬಿಲ್ ಕೇಳಿ. 18,000ಕ್ಕಿಂತ ಕಡಿಮೆಗೇ ಸಿಗುತ್ತದೆ, ಕೋರ್ಸ್ ಮುಗಿದ ಮೇಲೂ ಮನೆಯಲ್ಲಿರುತ್ತದೆ. ಅದಕ್ಕೆ ಲಿಬ್ರೆಆಫೀಸ್ ಹಾಕಿಸಿಕೊಳ್ಳಿ, ಪೂರ್ತಿ ಉಚಿತ. ಅದರ ‘ಕ್ಯಾಲ್ಕ್’ ಹೆಚ್ಚುಕಡಿಮೆ ಎಕ್ಸೆಲ್ ಥರವೇ. ಅದನ್ನು ಕಲಿಸುವ ಪಾಠಗಳನ್ನು ಐಐಟಿ ಬಾಂಬೆಯವರು ಸ್ಪೋಕನ್ ಟ್ಯುಟೋರಿಯಲ್ ಅನ್ನುವ ಯೋಜನೆಯಲ್ಲಿ ಮಾಡಿದ್ದಾರೆ, ಕನ್ನಡದಲ್ಲೂ ಇವೆ, ಕಾಸು ಕೊಡಬೇಕಿಲ್ಲ. ಬಜೆಟ್ ಇಲ್ಲದಿದ್ದರೆ, ಮೊಬೈಲಿಗೆ ಒಂದು ಓಟಿಜಿ ಕೇಬಲ್, ಅದಕ್ಕೊಂದು ಸಾದಾ ಕೀಬೋರ್ಡ್. ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳು ಇದನ್ನು ಒಪ್ಪಿಕೊಳ್ಳುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಸೂತ್ರಗಳನ್ನೆಲ್ಲ ಹೀಗೇ ಕಲಿಯಬಹುದು. ಫೋಲ್ಡರ್, ಪ್ರಿಂಟ್ ಇಂಥದ್ದಕ್ಕೆ ವಾರಕ್ಕೆರಡು ಸಲ ಸೈಬರ್ ಸೆಂಟರಿಗೆ ಹೋಗಿ ಬನ್ನಿ.

ಅಭ್ಯಾಸಕ್ಕೆ ಪುಸ್ತಕದ ‘ರಾಮು, ಶಾಮು’ ಅಂಕಪಟ್ಟಿ ಬೇಡ. ನಿಮ್ಮ ಬೀದಿಯಲ್ಲಿ ಯಾರಾದರೂ ಚೀಟಿ ನಡೆಸುತ್ತಿರುತ್ತಾರೆ. ಆ ಲೆಕ್ಕ ನಾನು ಬರೆದುಕೊಡುತ್ತೇನೆ ಅಂತ ಕೇಳಿ. ಇಪ್ಪತ್ತು ಜನ, ಹೆಸರು, ಫೋನು, ತಿಂಗಳು ತಿಂಗಳು ಕಟ್ಟಿದ್ದು, ಬಿಟ್ಟಿದ್ದು. ಯಾರು ಎರಡು ತಿಂಗಳು ಕಟ್ಟಿಲ್ಲ, ಒಟ್ಟು ಎಷ್ಟು ಬಾಕಿ, ಈ ತಿಂಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರುವ ಹಾಗೆ ಪಿಡಿಎಫ್ ಮಾಡಿ ಗ್ರೂಪಿಗೆ ಕಳಿಸುವುದು. ಪೀಣ್ಯದ ಆಫೀಸು ಕೇಳಿದ್ದೂ ಇದನ್ನೇ ಅಲ್ವಾ? ನಿಜವಾದ ದುಡ್ಡಿನ ಲೆಕ್ಕ ಆದ್ದರಿಂದ ತಪ್ಪಾದರೆ ಆಂಟಿಯೊಬ್ಬರು ಸಂಜೆಯೊಳಗೆ ಬಾಗಿಲು ತಟ್ಟುತ್ತಾರೆ. ಅಂಥ ಪರೀಕ್ಷಕರು ಯಾವ ಸೆಂಟರಿನಲ್ಲೂ ಸಿಗುವುದಿಲ್ಲ.

ಟೈಪಿಂಗ್ ದಿನಕ್ಕೆ ಇಪ್ಪತ್ತು ನಿಮಿಷ. ಕೀಬೋರ್ಡಿನ ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬು ಇದೆ, ತೋರುಬೆರಳು ಅಲ್ಲೇ ಇರಬೇಕು, ಕಣ್ಣು ಪರದೆ ಮೇಲೆ. ಕೇಂದ್ರ ಸರ್ಕಾರದ ಗುಮಾಸ್ತರ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನಿಮಿಷಕ್ಕೆ 35 ಪದ ಕೇಳುತ್ತಾರೆ. ಖಾಸಗಿ ಆಫೀಸಿನ ಕೆಲಸಕ್ಕೆ 25 ಬಂದರೂ ನಡೆಯುತ್ತದೆ, ತಪ್ಪು ಕಡಿಮೆ ಇರಲಿ.

ಮೇಲ್ ಬಗ್ಗೆ ಒಂದೇ ಮಾತು: ಉಲ್ಟಾ ಬರೆಯಿರಿ. ಮೊದಲು ಫೈಲ್ ಹಾಕಿ, ಆಮೇಲೆ ವಿಷಯದ ಸಾಲು, ಆಮೇಲೆ ಎರಡು ಸಾಲು ಬರಹ, ಕಟ್ಟಕಡೆಗೆ ವಿಳಾಸ. ಫೈಲ್ ಮರೆತು ಕಳಿಸುವ ಪ್ರಮೇಯವೇ ಬರುವುದಿಲ್ಲ, ಅರ್ಧ ಬರೆದ ಮೇಲ್ ಕೈತಪ್ಪಿ ಹೋಗುವುದೂ ಇಲ್ಲ. ಆ ಎರಡು ಸಾಲಿನಲ್ಲಿ ಉತ್ತರ ಇರಬೇಕು. ‘ತುಮಕೂರಿನಿಂದ ಒಟ್ಟು ಬಾಕಿ ಇಷ್ಟು, ಇಷ್ಟು ಗ್ರಾಹಕರು. ಊರಿನ ಹೆಸರು ಎರಡು ರೀತಿ ಇತ್ತು, ಎರಡನ್ನೂ ಸೇರಿಸಿದ್ದೇನೆ.’ ಇದನ್ನೇ ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಕೊನೆಯ ಆ ವಾಕ್ಯ ಓದಿದರೆ ನಾನಂತೂ ‘ಯಾವಾಗ ಬರ್ತೀರಿ ಕೆಲಸಕ್ಕೆ?’ ಅಂತ ಕೇಳುತ್ತೇನೆ.

ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದಿರಿ. ಮೆನುವಿನಲ್ಲಿ ಬರುವ ಪದಗಳು, ಕಂಪ್ಯೂಟರ್ ತೋರಿಸುವ ಎಚ್ಚರಿಕೆಗಳು, ಮೇಲ್‌ಗೆ ಬೇಕಾದ ಹತ್ತು ಹದಿನೈದು ವಾಕ್ಯ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಇನ್ನು ನಿಮ್ಮ ಕೈಯಲ್ಲಿರುವ ಕನ್ನಡವನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಸರ್ಕಾರಿ ಕಚೇರಿಗೆ ಒಂದು ಕನ್ನಡ ಪತ್ರ ಟೈಪ್ ಮಾಡಬೇಕು ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಕಲಿಯಿರಿ. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತಿದೆ, ಬಹಳ ಸಲೀಸು. ಕೆ ಒತ್ತಿದರೆ ‘ಕ’, ಶಿಫ್ಟ್ ಜೊತೆ ಒತ್ತಿದರೆ ‘ಖ’. ಒತ್ತಕ್ಷರ ಬೇಕಾದರೆ ನಡುವೆ ಎಫ್. ವಾರದಲ್ಲಿ ಕೈ ಕೂರುತ್ತದೆ. ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆ ಫಾಂಟಿನಲ್ಲಿ ಮಾಡಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪತ್ರ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಎಐ ಬಂದಿದೆಯಲ್ಲ, ಅದೇ ಸೂತ್ರ ಬರೆದುಕೊಡುತ್ತೆ, ಇದೆಲ್ಲ ಯಾಕೆ ಅಂತ ಯಾರಾದರೂ ಹೇಳಬಹುದು. ಬರೆದುಕೊಡುತ್ತದೆ, ನೀವೂ ಕೇಳಿ ಕಲಿಯಿರಿ. ಆದರೆ ಬಂದ ಉತ್ತರ ಸರಿಯಾ ಅಂತ ನೋಡುವವರು ನೀವೇ. ಆಫೀಸಿನ ಸಂಬಳದ ಶೀಟು, ಗ್ರಾಹಕರ ಫೋನ್ ಪಟ್ಟಿ ಇವನ್ನು ಮಾತ್ರ ಸುಮ್ನೆ ಅಲ್ಲಿ ಅಂಟಿಸಬೇಡಿ.

ಟ್ಯಾಲಿ ನಮ್ಮ ಬೆಂಗಳೂರಿನದೇ, ಆ ಕಂಪನಿ ಶುರುವಾಗಿದ್ದು 1986ರಲ್ಲಿ. ಪೀಣ್ಯದಂಥ ಕಡೆ ಅದಕ್ಕೆ ಬೆಲೆ ಇದೆ, ಸುಳ್ಳಲ್ಲ. ಆದರೆ ನೀವು ಓದಿದ್ದು ಬಿ.ಎ. ಡೆಬಿಟ್, ಕ್ರೆಡಿಟ್ ಅಂದರೇನು ಅಂತ ತಿಳಿಯದೆ ಎಫ್5 ಪೇಮೆಂಟ್, ಎಫ್6 ರಸೀದಿ ಅಂತ ಬಾಯಿಪಾಠ ಮಾಡಿದರೆ ಒಂದು ತಿಂಗಳಲ್ಲಿ ಮರೆಯುತ್ತದೆ. ಪಿಯುಸಿಯ ಅಕೌಂಟೆನ್ಸಿ ಪುಸ್ತಕ ಯಾರದಾದರೂ ಇಸ್ಕೊಂಡು ಮೊದಲ ನಾಲ್ಕೈದು ಪಾಠ ಓದಿ. ಆಮೇಲೆ ಟ್ಯಾಲಿಪ್ರೈಮ್‌ನ (ಟ್ಯಾಲಿಯ ಈಗಿನ ಆವೃತ್ತಿ) ಎಜುಕೇಷನಲ್ ಮೋಡ್ ಹಾಕಿಕೊಳ್ಳಿ. ಅದಕ್ಕೆ ದುಡ್ಡಿಲ್ಲ. ತಿಂಗಳ ಕೆಲವೇ ತಾರೀಕುಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯುವುದಕ್ಕೆ ಅಷ್ಟು ಸಾಕು. ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರನ್ನು ಓದುವುದನ್ನೂ ಕಲಿಯಿರಿ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಗುರುತು, 29 ಇದ್ದರೆ ಕರ್ನಾಟಕ, 33 ಇದ್ದರೆ ತಮಿಳುನಾಡು. ಮುಂದಿನ ಹತ್ತು ಪ್ಯಾನ್ ನಂಬರು. ಇಂಟರ್ವ್ಯೂನಲ್ಲಿ ಒಂದು ಬಿಲ್ ಕೈಗೆ ಕೊಟ್ಟು ‘ಈ ಪಾರ್ಟಿ ಯಾವ ರಾಜ್ಯದವರು?’ ಅಂತ ಕೇಳಿದರೆ ವಿಳಾಸ ಹುಡುಕದೆ ಹೇಳಬಹುದು.

ಮನೆಯಲ್ಲೇ ಡೇಟಾ ಎಂಟ್ರಿ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ ಅಂತ ಮೆಸೇಜ್ ಬಂದರೆ ಡಿಲೀಟ್ ಮಾಡಿ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ.

ಎರಡು ತಿಂಗಳು ಹೀಗೆ ಕೂತು ಕಲಿತು, ಇನ್ನೂ ನಾಲ್ಕು ಕಡೆ ಟೆಸ್ಟ್ ಕೊಟ್ಟು ಬನ್ನಿ. ಎಲ್ಲರೂ ಟ್ಯಾಲಿಯನ್ನೇ ಕೇಳಿದರೆ ಆಗ ಕೋರ್ಸ್ ಬಗ್ಗೆ ಯೋಚಿಸೋಣ. ದುಡ್ಡು ಕಟ್ಟುವ ಮೊದಲು ಆ ಸೆಂಟರಿನಲ್ಲಿ ಒಂದು ಕ್ಲಾಸಿಗೆ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂರಲು ಬಿಡಿ ಅಂತ ಕೇಳಿ. ಮೇಷ್ಟ್ರು ಗೋಡೆ ಮೇಲಿನ ಪರದೆ ತೋರಿಸಿ ವಿವರಿಸುತ್ತಾ, ಹುಡುಗರು ನೋಟ್ಸ್ ಬರೆದುಕೊಳ್ಳುತ್ತಾ ಇದ್ದರೆ ಎದ್ದು ಬನ್ನಿ. ಒಂದು ಕಂಪ್ಯೂಟರಿಗೆ ಒಬ್ಬರೇ ಕೂತು, ಕೈ ಕೀಬೋರ್ಡ್ ಮೇಲಿದ್ದು, ‘ಸರ್, ಉತ್ತರ ಬರ್ತಿಲ್ಲ’ ಅಂತ ಮೂಲೆ ಮೂಲೆಯಿಂದ ಕೂಗುತ್ತಿದ್ದರೆ ಫೀಸು ಎರಡು ಕಂತಿನಲ್ಲಿ ಕಟ್ಟಬಹುದಾ ಅಂತ ವಿಚಾರಿಸಿ.